ಜೀಬ್ರಾಮೀನಿನ ಮರಿಗೆ ವರ್ತನೆ ಪೆಟ್ಟಿಗೆ: ಕಟ್ಟಿದ್ದು, ಕೆಟ್ಟಿದ್ದು

ಡ್ರಾವೆಟ್ ಸಿಂಡ್ರೋಮ್ ಎಂಬ ಮಕ್ಕಳ ಅಪಸ್ಮಾರದಲ್ಲಿ ಬಹುಪಾಲು ಎಸ್‌ಸಿಎನ್1ಎ ಜೀನಿನ ಒಂದು ಪ್ರತಿ ಕೆಟ್ಟಿರುತ್ತದೆ. ಮೊದಲ ವರ್ಷದಲ್ಲೇ, ಹೆಚ್ಚಾಗಿ ಜ್ವರ ಬಂದಾಗ, ಫಿಟ್ಸ್ ಶುರುವಾಗುತ್ತದೆ. ಆಮೇಲೆ ಮಾತು, ನಡಿಗೆ, ಕಲಿಕೆ ಹಿಂದೆ ಬೀಳುತ್ತವೆ. ಜೀಬ್ರಾಮೀನಿನಲ್ಲಿ ಈ ಜೀನಿಗೆ ಸಾಟಿಯಾದ ಜೀನುಗಳು ಎರಡಿವೆ: ಎಸ್‌ಸಿಎನ್1-ಎಲ್‌ಎಎ ಮತ್ತು ಎಸ್‌ಸಿಎನ್1-ಎಲ್‌ಎಬಿ. ಎಲ್‌ಎಬಿಯನ್ನು ಪೂರ್ತಿ ಕೆಡಿಸಿದರೂ ಎಲ್‌ಎಎ ಉಳಿದಿರುವುದರಿಂದ ಮನುಷ್ಯರಲ್ಲಿನ ಅರ್ಧ ಕೊರತೆಗೆ ಹತ್ತಿರದ ಸ್ಥಿತಿ ಸಿಗುತ್ತದೆ. 2013ರಲ್ಲಿ ಸ್ಕಾಟ್ ಬರಾಬನ್ ತಂಡ ಈ ಮರಿಗಳಲ್ಲಿ ತಾನಾಗಿ ಬರುವ ಫಿಟ್ಸ್ ತೋರಿಸಿತು. ಕ್ಲೆಮಿಜೋಲ್ ಎಂಬ ಹಳೆಯ ಅಲರ್ಜಿ ಔಷಧಿ ಅದನ್ನು ತಗ್ಗಿಸುತ್ತದೆ ಎಂದೂ ಕಂಡುಕೊಂಡಿತು.

ಇಂಥ ಮರಿಗಳ ಓಡಾಟ ಅಳೆಯುವ ಸಿದ್ಧ ಯಂತ್ರಗಳಿಗೆ ಲಕ್ಷಗಟ್ಟಲೆ ಬೇಕು. ಇಲ್ಲಿರುವುದು ಸುಮಾರು 29,000 ರೂಪಾಯಿಯಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಪೆಟ್ಟಿಗೆಯ ದಾಖಲೆ. 5–6 ದಿನದ ಮರಿಗಳನ್ನು 96 ವೆಲ್ (ಪುಟ್ಟ ಗುಂಡಿ) ಇರುವ ಪ್ಲೇಟಿನಲ್ಲಿ ಒಂದೊಂದಾಗಿ ಬಿಟ್ಟು ಮೂರು ಸಂದರ್ಭಗಳಲ್ಲಿ ಚಲನೆ ಅಳೆಯುವುದು ಇದರ ಕೆಲಸ: ದೀಪ ಆರಿದಾಗ ಮತ್ತು ಹತ್ತಿದಾಗ, ಪ್ಲೇಟು ತಟ್ಟಿದಾಗ, ಔಷಧಿ ಹಾಕಿದಾಗ. ಮೊದಲೇ ಹೇಳಿಬಿಡುವುದು ಒಳ್ಳೆಯದು: ಮೊದಲ ಎರಡು ತಿಂಗಳಲ್ಲಿ ಕಂಡ "ವ್ಯತ್ಯಾಸ"ಗಳಲ್ಲಿ ಮೀನಿನಿಂದ ಬಂದದ್ದು ಕಡಿಮೆ, ಪೆಟ್ಟಿಗೆಯಿಂದ ಬಂದದ್ದು ಹೆಚ್ಚು.

ಅನುಮತಿಯ ಮಾತು ಒಂದೇ ಸಾಲಿನಲ್ಲಿ: ಮೀನು ಸಾಕುವ ಮುಂಚೆ ಸಂಸ್ಥೆಯ ಪ್ರಾಣಿ ನೀತಿ ಸಮಿತಿ, ಜೀನ್ ತಿದ್ದುವ ಮುಂಚೆ ಜೈವಿಕ ಸುರಕ್ಷತಾ ಸಮಿತಿ. ಇವು ಮುಗಿಯದೆ ಸೂಜಿ ಮುಟ್ಟಬಾರದು.

ಹಂತ 1: ಕಲ್ಲು, ಟ್ಯೂಬು, ಡಬ್ಬ (ದಿನ 1ರಿಂದ 4)

ತಟ್ಟಿದಾಗ ಬೆಚ್ಚುವುದನ್ನು ಅಳೆಯಬೇಕಾದರೆ ಬೇರೆ ಯಾವುದೂ ಮರಿಯನ್ನು ಬೆಚ್ಚಿಸಬಾರದು. ಲಿಫ್ಟು, ಪಕ್ಕದ ಕೋಣೆಯ ಸೆಂಟ್ರಿಫ್ಯೂಜು, ಬಾಗಿಲು ದಬ್ಬುವುದು, ಎಲ್ಲವೂ ಮೇಜಿನ ಮೂಲಕ ಪ್ಲೇಟಿಗೆ ತಲುಪುತ್ತವೆ. ಪರಿಹಾರ ಅಗ್ಗದ್ದು. 60 × 45 ಸೆಂ.ಮೀ., 2 ಸೆಂ.ಮೀ. ದಪ್ಪದ ಕಡಪ ಕಲ್ಲು, ತೂಕ ಸುಮಾರು 14.5 ಕೆ.ಜಿ., 350 ರೂಪಾಯಿ. ಅದರ ಕೆಳಗೆ ಮಕ್ಕಳ ಸೈಕಲ್ಲಿನ ಟ್ಯೂಬು, 180 ರೂಪಾಯಿ. ಟ್ಯೂಬಿಗೆ ಗಾಳಿ ಅರೆಬರೆ ಮಾತ್ರ ಇರಬೇಕು. ಬಿಗಿಯಾಗಿ ತುಂಬಿದರೆ ಕಲ್ಲು ಚೆಂಡಿನಂತೆ ಪುಟಿಯುತ್ತದೆ, ಪ್ರಯೋಜನವಿಲ್ಲ. ಬೆರಳಿಂದ ಒತ್ತಿದಾಗ ಕಲ್ಲು ನಿಧಾನವಾಗಿ ತಗ್ಗಿ ನಿಧಾನವಾಗಿ ಏಳುವಷ್ಟು ಸಾಕು. ಟ್ಯೂಬು ವಾರಕ್ಕೊಮ್ಮೆ ಇಳಿಯುತ್ತದೆ, ಆದ್ದರಿಂದ ವಾಲ್ವು ಹೊರಮುಖವಾಗಿರಲಿ.

ಡಬ್ಬಕ್ಕೆ 12 ಮಿ.ಮೀ. ಪ್ಲೈವುಡ್, ಒಳಗೆ ಮ್ಯಾಟ್ ಕಪ್ಪು ಬಣ್ಣ, ಎತ್ತರ 85 ಸೆಂ.ಮೀ. ಬಣ್ಣ ಬಳಿದ ಮೇಲೆ ನಾಲ್ಕು ದಿನ ಬಾಗಿಲು ತೆಗೆದು ಬಿಸಿಲಿಗಿಡಬೇಕು, ಬಣ್ಣದ ವಾಸನೆ ಉಳಿದ ಡಬ್ಬದಲ್ಲಿ ಮರಿ ಇಡಬಾರದು.

ಹಂತ 2: ಕ್ಯಾಮೆರಾ ಮತ್ತು ಲೆನ್ಸು (ದಿನ 5ರಿಂದ 12)

ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು ಮತ್ತು ಅದರ ಗ್ಲೋಬಲ್ ಶಟರ್ (ಇಡೀ ಚಿತ್ರವನ್ನು ಒಂದೇ ಕ್ಷಣದಲ್ಲಿ ಹಿಡಿಯುವ) ಕ್ಯಾಮೆರಾ. ಚಿತ್ರ 1456 × 1088 ಪಿಕ್ಸೆಲ್, ಸೆಕೆಂಡಿಗೆ 60 ಫ್ರೇಮ್. ಎರಡೂ ಸೇರಿ 11,000 ರೂಪಾಯಿ. ರೋಲಿಂಗ್ ಶಟರ್ ಕ್ಯಾಮೆರಾ ಬೇಡ. ಮರಿ ಚಟ್ಟನೆ ಬಾಗುವಾಗ ಚಿತ್ರದ ಮೇಲಿನ ಸಾಲು ಒಂದು ಕ್ಷಣದ್ದು, ಕೆಳಗಿನ ಸಾಲು ಇನ್ನೊಂದು ಕ್ಷಣದ್ದು ಆಗಿಬಿಡುತ್ತದೆ.

ತಪ್ಪು 1. ಕತ್ತಲಲ್ಲೂ ಮರಿ ಕಾಣಲೆಂದು ಇನ್‌ಫ್ರಾರೆಡ್ ದೀಪ ಹಚ್ಚಿ ನೋಡಿದರೆ ಚಿತ್ರ ಕಪ್ಪು. ಈ ಕ್ಯಾಮೆರಾದಲ್ಲಿ ಇನ್‌ಫ್ರಾರೆಡ್ ತಡೆಯುವ ಗಾಜೊಂದು ಅಂಟಿಕೊಂಡೇ ಬರುತ್ತದೆ. ಎರಡು 1.5 ಮಿ.ಮೀ. ಅಲೆನ್ ಸ್ಕ್ರೂ ಬಿಚ್ಚಿ, ಬೋರ್ಡು ಬೇರ್ಪಡಿಸಿ, ಲೋಹದ ಕವಚದಲ್ಲಿರುವ ಗಾಜನ್ನು ಮೆತ್ತನೆ ತುದಿಯ ಪೆನ್ನಿನಿಂದ ಒತ್ತಿ ತೆಗೆಯಬೇಕು. ಮತ್ತೆ ಕೂರಿಸಲು ಆಗುವುದಿಲ್ಲ. ಗಾಜು ಸೀಳಿದರೆ ಚೂರು ಸೆನ್ಸರಿನ ಮೇಲೆ ಬೀಳುತ್ತದೆ, ಆದ್ದರಿಂದ ಬೋರ್ಡನ್ನು ದೂರವಿಟ್ಟು ಟೇಪು ಮುಚ್ಚಿದ ಮೇಲೇ ಒತ್ತಿ. ಆತುರದಲ್ಲಿ ಮಾಡಿದ ನಮ್ಮ ಕ್ಯಾಮೆರಾದಲ್ಲಿ ಎರಡು ಕಪ್ಪು ಚುಕ್ಕೆ ಶಾಶ್ವತವಾಗಿ ಉಳಿದಿವೆ. ಅವು ವೆಲ್‌ಗಳ ನಡುವಿನ ಗೋಡೆಯ ಮೇಲೆ ಬರುವಂತೆ ಪ್ಲೇಟು ಜರುಗಿಸಿ ಬಚಾವಾಗಿದ್ದೇವೆ.

ಲೆನ್ಸಿನ ಲೆಕ್ಕ: ಸೆನ್ಸರಿನ ಅಗಲ ಸುಮಾರು 5 ಮಿ.ಮೀ., ಪ್ಲೇಟಿನ ಉದ್ದ 128 ಮಿ.ಮೀ. ಅಂದರೆ ಚಿತ್ರ 25 ಪಟ್ಟಿಗಿಂತ ಸ್ವಲ್ಪ ಹೆಚ್ಚು ಚಿಕ್ಕದಾಗಬೇಕು. 16 ಮಿ.ಮೀ. ಲೆನ್ಸಾದರೆ ಸುಮಾರು 42 ಸೆಂ.ಮೀ. ದೂರ, 25 ಮಿ.ಮೀ. ಲೆನ್ಸಾದರೆ ಸುಮಾರು 66 ಸೆಂ.ಮೀ. ಒಂದು ಪಿಕ್ಸೆಲ್ ಸುಮಾರು 0.09 ಮಿ.ಮೀ. ಆಗುತ್ತದೆ. 4 ಮಿ.ಮೀ. ಉದ್ದದ ಮರಿ 45 ಪಿಕ್ಸೆಲ್. ಓಡಾಟ ಅಳೆಯಲು ಧಾರಾಳ, ಬಾಲದ ಬಾಗು ಅಳೆಯಲು ಸಾಲದು.

ತಪ್ಪು 2. ಡಬ್ಬ ಕುಳ್ಳಗಿರಲಿ ಎಂದು ಮೊದಲು 16 ಮಿ.ಮೀ. ಲೆನ್ಸು ಕೊಂಡದ್ದು, 4,300 ರೂಪಾಯಿ. ವೆಲ್‌ನ ಆಳ ಸುಮಾರು 10.7 ಮಿ.ಮೀ. ಪ್ಲೇಟಿನ ಅಂಚಿನ ವೆಲ್ ನಡುವಿನಿಂದ 58 ಮಿ.ಮೀ. ಆಚೆ. 42 ಸೆಂ.ಮೀ. ಎತ್ತರದಿಂದ ಓರೆಯಾಗಿ ನೋಡಿದಾಗ ಅಂಚಿನ ವೆಲ್‌ಗಳಲ್ಲಿ ಸುಮಾರು 1.5 ಮಿ.ಮೀ. ತಳ ಗೋಡೆಯ ಹಿಂದೆ ಮರೆಯಾಗುತ್ತದೆ. ವೆಲ್ ಅಗಲವೇ 6.5 ಮಿ.ಮೀ. ಆಸುಪಾಸು, ಮರಿಗಳಿಗೆ ಗೋಡೆಗೆ ಒರಗುವ ಚಾಳಿ ಬೇರೆ. ಮರಿ ಮರೆಯಾದಾಗ ಪ್ರೋಗ್ರಾಮಿಗೆ ಅದು "ನಿಂತಿದೆ", ಹೊರಬಂದಾಗ "ಹಾರಿದೆ". 25 ಮಿ.ಮೀ. ಲೆನ್ಸಿಗೆ (3,900 ರೂಪಾಯಿ) ಬದಲಿಸಿದ ಮೇಲೆ ಮರೆ 1 ಮಿ.ಮೀ.ಗಿಂತ ಕೆಳಗಿಳಿಯಿತು. ಡಬ್ಬ 85 ಸೆಂ.ಮೀ. ಆದದ್ದು ಹೀಗೆ. ಹಳೆಯ 60 ಸೆಂ.ಮೀ. ಡಬ್ಬ ಈಗ ಪೈಪೆಟ್ ಟಿಪ್ಪುಗಳ ಕಪಾಟು.

ಲೆನ್ಸು ಸಿ-ಮೌಂಟ್ (ಕ್ಯಾಮೆರಾಕ್ಕೆ ಕೂರುವ ತಿರುಪಿನ ಒಂದು ಬಗೆ) ಆಗಿದ್ದರೆ 5 ಮಿ.ಮೀ. ಉಂಗುರ ಹಾಕಲೇಬೇಕು, ಇಲ್ಲದಿದ್ದರೆ ಫೋಕಸ್ ಕೂರುವುದಿಲ್ಲ. ಫೋಕಸ್ ಮಾಡುವುದನ್ನು ಬಿಳಿ ದೀಪ ಆರಿಸಿ, ಇನ್‌ಫ್ರಾರೆಡ್ ಬೆಳಕಿನಲ್ಲೇ ಮಾಡಿ. ಬಿಳಿ ಬೆಳಕಿನಲ್ಲಿ ಚೂಪಾಗಿ ಕಂಡದ್ದು ಇನ್‌ಫ್ರಾರೆಡ್‌ನಲ್ಲಿ ಮಸುಕಾಗುತ್ತದೆ.

ಹಂತ 3: ಬೆಳಕು ಮತ್ತು ಬಿಸಿ (ದಿನ 13ರಿಂದ 27)

ಪೆಟ್ಟಿಗೆ ಕಟ್ಟುವುದರಲ್ಲಿ ಅತಿ ಹೆಚ್ಚು ದಿನ ತಿಂದದ್ದು ಇದೇ ಹಂತ.

ಕೆಳಗಿನಿಂದ 850 ನ್ಯಾನೋಮೀಟರ್ ಎಲ್ಇಡಿ ಪಟ್ಟಿ, 2 ಮೀಟರ್, ತುಂಡು ಮಾಡಿ ಸಾಲಾಗಿ ಅಂಟಿಸಿದ್ದು. ಮೇಲೆ 3 ಮಿ.ಮೀ. ಹಾಲುಬಿಳಿ ಅಕ್ರಿಲಿಕ್. ಪಟ್ಟಿಗೂ ಅಕ್ರಿಲಿಕ್‌ಗೂ ನಡುವೆ ಮೊದಲು 20 ಮಿ.ಮೀ. ಅಂತರವಿಟ್ಟಾಗ ಪ್ರತಿ ಎಲ್ಇಡಿಯೂ ಚುಕ್ಕೆಯಾಗಿ ಕಂಡಿತು, 60 ಮಿ.ಮೀ.ಗೆ ಏರಿಸಿದ ಮೇಲೆ ಸಮವಾಯಿತು.

ತಪ್ಪು 3. ಡಿಎಸ್18ಬಿ20 ಉಷ್ಣಮಾಪಕವನ್ನು ಡಬ್ಬದ ಗೋಡೆಗೆ ಅಂಟಿಸಿದ್ದು. ಅದು 28.6 ಡಿಗ್ರಿ ತೋರಿಸುತ್ತಿತ್ತು, ನೆಮ್ಮದಿಯಾಗಿತ್ತು. ಇನ್ನೊಂದನ್ನು ನೀರು ತುಂಬಿದ ಖಾಲಿ ವೆಲ್‌ನೊಳಗೆ ಅದ್ದಿದಾಗ ಒಂದು ಗಂಟೆಯಲ್ಲಿ 31.2. ಕೆಳಗಿನ ಪಟ್ಟಿ 12 ವೋಲ್ಟಿನಲ್ಲಿ 0.8 ಆಂಪಿಯರ್ ಎಳೆಯುತ್ತಿತ್ತು, ಅಂದರೆ 9.6 ವ್ಯಾಟ್ ಒಲೆ ಪ್ಲೇಟಿನ ಅಡಿಯಲ್ಲೇ. ಈ ಮೀನಿಗೆ ಬೇಕಾದದ್ದು 28.5. ಡ್ರಾವೆಟ್‌ನಲ್ಲಂತೂ ಜ್ವರವೇ ಫಿಟ್ಸ್ ಕೆರಳಿಸುವ ಕಾಯಿಲೆ. ಅಂಥ ಮರಿಯನ್ನು ಬಿಸಿ ನೀರಿನಲ್ಲಿ ಕೂರಿಸಿ ಓಡಾಟ ಎಣಿಸಿದರೆ ಎಣಿಸಿದ್ದು ಏನನ್ನು?

ಕರೆಂಟನ್ನು 0.4 ಆಂಪಿಯರ್‌ಗೆ ಇಳಿಸಿ, ಕ್ಯಾಮೆರಾದ ಎಕ್ಸ್‌ಪೋಶರನ್ನು 2ರಿಂದ 4 ಮಿಲಿಸೆಕೆಂಡಿಗೆ ಏರಿಸಿ, ಪಟ್ಟಿಯನ್ನು 2 ಮಿ.ಮೀ. ಅಲ್ಯೂಮಿನಿಯಂ ತಗಡಿನ ಮೇಲೆ ಅಂಟಿಸಿದ ಮೇಲೆ 29.3ಕ್ಕೆ ಬಂತು. ಉಳಿದದ್ದಕ್ಕೆ ಫ್ಯಾನ್.

ತಪ್ಪು 4. ಫ್ಯಾನನ್ನು ಡಬ್ಬದ ಗೋಡೆಗೇ ತಿರುಪಿದ್ದು. ಬಿಸಿ ಇಳಿಯಿತು, ಮರಿಗಳು ತಟ್ಟಿದರೂ ಬೆಚ್ಚದಾದವು. ಕಡಪ ಕಲ್ಲು ಹೊರಗಿನ ಅಲುಗಾಟ ತಡೆಯುತ್ತಿದ್ದರೆ ನಾವೇ ಒಳಗೊಂದು ಅಲುಗಾಟ ತಂದಿಟ್ಟಿದ್ದೆವು. ಎಡಿಎಕ್ಸ್‌ಎಲ್345 ಕಂಪನಮಾಪಕವನ್ನು (220 ರೂಪಾಯಿ) ಪ್ಲೇಟಿನ ಮೇಲೆ ಅಂಟಿಸಿ ನೋಡಿದಾಗ ನಿರಂತರ ಗುಂಯ್. ಈಗ ಫ್ಯಾನ್ ಮತ್ತು ಸಣ್ಣ ಹೀಟರ್ ಎರಡೂ ಹೊರಗೆ, ಗೋಡೆಗೆ ಹಗ್ಗದಲ್ಲಿ ನೇತಾಡುತ್ತಿವೆ. ಅಡುಗೆಮನೆ ಚಿಮಣಿಯ 100 ಮಿ.ಮೀ. ಸುಕ್ಕು ಪೈಪು ಅಲ್ಲಿಂದ ಡಬ್ಬಕ್ಕೆ ಗಾಳಿ ತರುತ್ತದೆ. ಪೈಪು ಸಡಿಲವಾಗಿ ಜೋಲಬೇಕು, ಬಿಗಿದರೆ ಅದೇ ಅಲುಗಾಟ ಪೈಪಿನಲ್ಲಿ ನಡೆದುಬರುತ್ತದೆ.

ಇದರಿಂದ ಇನ್ನೊಂದು ಕಾಟವೂ ನೀಗಿತು. ಮುಚ್ಚಳವಿಲ್ಲದೆ ರಾತ್ರಿಯಿಡೀ ಇಟ್ಟರೆ 300 ಮೈಕ್ರೋಲೀಟರ್ ನೀರು ಆರುತ್ತದೆ, ಅಂಚಿನ ವೆಲ್‌ಗಳಲ್ಲಿ ಬೇಗ. ಮುಚ್ಚಳ ಹಾಕಿದರೆ ಒಳಗೆ ಹಬೆ ಕಟ್ಟಿ ಮರಿ ಕಾಣುವುದಿಲ್ಲ. ಮುಚ್ಚಳ ನೀರಿಗಿಂತ ತಣ್ಣಗಿದ್ದರೆ ಮಾತ್ರ ಹಬೆ. ಬೆಚ್ಚನೆ ಗಾಳಿಯನ್ನು ಮುಚ್ಚಳದ ಮೇಲೆ ಹಾಯಿಸಿದಾಗ ಅದು ತಿಳಿಯಾಗಿಯೇ ಉಳಿಯಿತು.

ತಪ್ಪು 5. ಬಿಳಿ ಎಲ್ಇಡಿ ಆರಿಸಿದ ಕ್ಷಣದಲ್ಲಿ 96 ವೆಲ್‌ಗಳಲ್ಲೂ ಒಟ್ಟಿಗೆ ಭಾರೀ ಚಲನೆ. ಖಾಲಿ ವೆಲ್‌ಗಳಲ್ಲೂ! ಕ್ಯಾಮೆರಾಕ್ಕೆ ಬಿಳಿ ಬೆಳಕೂ ಕಾಣುತ್ತಿತ್ತು, ಚಿತ್ರವಿಡೀ ಕಪ್ಪಾದದ್ದನ್ನೇ ಪ್ರೋಗ್ರಾಮು ಓಡಾಟವೆಂದು ಬರೆಯಿತು. ಲೆನ್ಸಿನ ಮುಂದೆ ಬಿಳಿ ಬೆಳಕು ತಡೆದು ಇನ್‌ಫ್ರಾರೆಡ್ ಮಾತ್ರ ಬಿಡುವ 850 ನ್ಯಾನೋಮೀಟರ್ ಲಾಂಗ್‌ಪಾಸ್ ಗಾಜು ಹಾಕಿದ ಮೇಲೆ (1,400 ರೂಪಾಯಿ) ದೀಪ ಆರಿದರೂ ಹತ್ತಿದರೂ ಚಿತ್ರ ಒಂದೇ ತೆರ. ಅಂದಿನಿಂದ ಪ್ರತಿ ಪ್ಲೇಟಿನಲ್ಲೂ ನಾಲ್ಕು ವೆಲ್ ಮರಿಯಿಲ್ಲದೆ ಬಿಡುತ್ತೇವೆ. ಆ ನಾಲ್ಕರಲ್ಲಿ ಚಲನೆ ಕಂಡರೆ ದಿನದ ದತ್ತಾಂಶ ಕಸ.

ಪೈ ಬೋರ್ಡಿನ ಹಸಿರು ದೀಪಕ್ಕೆ ಕಪ್ಪು ಟೇಪು ಅಂಟಿಸಲು ಮರೆಯಬೇಡಿ. "ಕತ್ತಲು" ಎಂದು ಬರೆದುಕೊಂಡದ್ದು ಮಬ್ಬುಗತ್ತಲು ಆಗಿರುತ್ತದೆ.

ಹಂತ 4: ತಟ್ಟುವ ಸಾಧನ (ದಿನ 28ರಿಂದ 35)

ಮೊದಲು 12 ವೋಲ್ಟಿನ ಸೊಲೆನಾಯ್ಡ್ (ಕರೆಂಟು ಕೊಟ್ಟಾಗ ದಂಡ ಚಲಿಸುವ ತಂತಿ ಸುರುಳಿ), 280 ರೂಪಾಯಿ, ಪ್ಲೇಟಿನ ಚೌಕಟ್ಟಿಗೆ ಕುಟ್ಟುವಂತೆ. ಡಯೋಡ್ ಹಾಕದೆ ಓಡಿಸಿದಾಗ ಪ್ರತಿ ಕುಟ್ಟಿಗೂ ಪೈ ರೀಸೆಟ್ ಆಗುತ್ತಿತ್ತು. ಎರಡು ರೂಪಾಯಿಯ 1ಎನ್4007 ಡಯೋಡನ್ನು ಸುರುಳಿಗೆ ಅಡ್ಡಲಾಗಿ ಹಾಕಿದ ಮೇಲೆ ಸರಿಹೋಯಿತು. ಆದರೆ ಕಂಪನಮಾಪಕ ಬೇರೆಯೇ ಕತೆ ಹೇಳಿತು: ಒಂದು ಕುಟ್ಟಿಗೆ ಎರಡು ಏಟು. ಸೊಲೆನಾಯ್ಡಿನ ದಂಡ ಪುಟಿದು ಮತ್ತೆ ಬಡಿಯುತ್ತಿತ್ತು, ಸುಮಾರು 40 ಮಿಲಿಸೆಕೆಂಡು ಬಿಟ್ಟು. ಬೆಚ್ಚುವಿಕೆಯ ಪರೀಕ್ಷೆಯಲ್ಲಿ ಇದು ಸಣ್ಣ ದೋಷವಲ್ಲ. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ತಟ್ಟಿದರೆ ಮರಿ ಕಡಿಮೆ ಬೆಚ್ಚುತ್ತದೆ, ಅದೇ ಒಂದು ಪ್ರತ್ಯೇಕ ಪರೀಕ್ಷೆ. ನಮಗೆ ಗೊತ್ತಿಲ್ಲದೆ ಎರಡನ್ನೂ ಬೆರೆಸುತ್ತಿದ್ದೆವು.

ಸೊಲೆನಾಯ್ಡ್ ಎಸೆದು ಮೇಲ್ಮೈಗೆ ಅಂಟುವ ಕಂಪನ ಸ್ಪೀಕರು (420 ರೂಪಾಯಿ), ಪಿಎಎಂ8403 ಆಂಪ್ಲಿಫೈಯರು (90 ರೂಪಾಯಿ) ತಂದೆವು. ಸಂಕೇತ 1000 ಹರ್ಟ್ಜ್, 3 ಮಿಲಿಸೆಕೆಂಡು, ಅಂದರೆ ಬರೀ ಮೂರು ಅಲೆ. ಪ್ಲೇಟಿನ ನಾಲ್ಕು ಮೂಲೆಯಲ್ಲೂ ನಡುವಿನಲ್ಲೂ ಕಂಪನ ಅಳೆದಾಗ ಸ್ಪೀಕರಿನ ಹತ್ತಿರದ ಮೂಲೆ ದೂರದ ಮೂಲೆಗಿಂತ ಎರಡು ಪಟ್ಟಿಗೂ ಹೆಚ್ಚು. ಪ್ಲೇಟನ್ನು ಹಿಡಿದ 5 ಮಿ.ಮೀ. ಅಕ್ರಿಲಿಕ್ ಚೌಕಟ್ಟು ಬಾಗುತ್ತಿತ್ತು. 8 ಮಿ.ಮೀ. ಅಲ್ಯೂಮಿನಿಯಂ ಚೌಕಟ್ಟು ಮಾಡಿಸಿ, ನಾಲ್ಕು ಮೂಲೆಯಲ್ಲೂ ಬಿಗಿ ಹಿಡಿಕೆ ಕೊಟ್ಟ ಮೇಲೆ ವ್ಯತ್ಯಾಸ ಹೇಳಿಕೊಳ್ಳುವಷ್ಟಿಲ್ಲ. ಎಡಿಎಕ್ಸ್‌ಎಲ್345 ಸೆಕೆಂಡಿಗೆ ಹೆಚ್ಚೆಂದರೆ 3200 ಸಲ ಓದುತ್ತದೆ, 1000 ಹರ್ಟ್ಜ್ ಅಲೆಗೆ ಮೂರೇ ಬಿಂದು. ಶಿಖರದ ಅಳತೆ ನಂಬಬೇಡಿ, ಮೂಲೆ ಮೂಲೆಯ ಹೋಲಿಕೆಗಷ್ಟೇ ಬಳಸಿ.

ಧ್ವನಿ ಹೊರಡುವ ಹೊತ್ತು ಪೈಯಲ್ಲಿ ಒಂದೇ ಸಮ ಇರುವುದಿಲ್ಲ, ಹತ್ತಾರು ಮಿಲಿಸೆಕೆಂಡು ಆಚೀಚೆ. ಆದ್ದರಿಂದ ಆಂಪ್ಲಿಫೈಯರಿಗೆ ಹೋಗುವ ಸಂಕೇತದಿಂದಲೇ ಮೂಲೆಯ ಒಂದು ಇನ್‌ಫ್ರಾರೆಡ್ ಎಲ್ಇಡಿ ಮಿನುಗುವಂತೆ ಮಾಡಿದ್ದೇವೆ. ವಿಡಿಯೋದಲ್ಲಿ ಅದು ಮಿನುಗಿದ ಫ್ರೇಮೇ ಸೊನ್ನೆ ಹೊತ್ತು.

ಹಂತ 5: ಪ್ರೋಗ್ರಾಮು (ದಿನ 36ರಿಂದ 45)

ಪೈಥಾನ್ ಭಾಷೆ ಮತ್ತು ಚಿತ್ರ ವಿಶ್ಲೇಷಿಸುವ ಓಪನ್‌ಸಿವಿ ಲೈಬ್ರರಿ. ಹಿನ್ನೆಲೆ ಚಿತ್ರ ಕಳೆದು, ಕಪ್ಪು ಚುಕ್ಕೆ ಹುಡುಕಿ, ಅದರ ಕೇಂದ್ರ ಬರೆದಿಡುವುದು. ಹೇಳುವಾಗ ಸುಲಭ.

ಸಂಕುಚಿಸದ ವಿಡಿಯೋ ಸೆಕೆಂಡಿಗೆ 30 ಫ್ರೇಮಿನಲ್ಲಿ ಸುಮಾರು 47 ಮೆಗಾಬೈಟ್, ಗಂಟೆಗೆ 170 ಗಿಗಾಬೈಟ್. ಎಸ್‌ಎಸ್‌ಡಿ ಮೂರು ಗಂಟೆ ಬರಲಿಲ್ಲ. ವಿಡಿಯೋ ಸಂಕುಚಿಸುವ ಎಚ್.264 ಪದ್ಧತಿಗೆ ಹೋದಾಗ ಎಲ್ಲ ವೆಲ್‌ಗಳಲ್ಲೂ ಪ್ರತಿ 2 ಸೆಕೆಂಡಿಗೊಮ್ಮೆ ಸಣ್ಣ ಚಿಮ್ಮು, ಗಡಿಯಾರದಂತೆ. ಮೀನಿಗೆ ಅಷ್ಟು ಶಿಸ್ತು ಇರಲಾರದು. ವಿಡಿಯೋ ಪ್ರತಿ 60 ಫ್ರೇಮಿಗೊಂದು ಪೂರ್ಣ ಚಿತ್ರ ಬರೆಯುತ್ತದೆ. ಆಗ ಮಸುಕು ಒಮ್ಮೆಲೇ ತಿದ್ದಿಕೊಂಡು ಪಿಕ್ಸೆಲ್‌ಗಳು ಬದಲಾಗುತ್ತವೆ, ಅದೇ ಚಿಮ್ಮು. ಈಗ ಲೆಕ್ಕವನ್ನು ಆ ಕ್ಷಣದಲ್ಲೇ ಮಾಡಿ ಅಂಕಿಗಳನ್ನಷ್ಟೇ ಉಳಿಸುತ್ತೇವೆ. ಪರೀಕ್ಷೆಗೆಂದು ಗಂಟೆಗೆ ಒಂದು ನಿಮಿಷ ವಿಡಿಯೋ.

ಹಿನ್ನೆಲೆ ಚಿತ್ರವನ್ನು 100 ಫ್ರೇಮಿನ ಮಧ್ಯಕದಿಂದ ಮಾಡಿದಾಗ ಮಲಗಿದ ಮರಿಗಳು ಹಿನ್ನೆಲೆಯೊಳಗೆ ಕರಗಿಹೋದವು. ಎದ್ದು ಹೋದ ಮೇಲೆ ಅವುಗಳ ಜಾಗದಲ್ಲಿ ಬಿಳಿ ಭೂತ. ಮೊದಲ ಹತ್ತು ನಿಮಿಷ ಆಗಾಗ ಮೆಲ್ಲಗೆ ತಟ್ಟಿ ಮರಿಗಳನ್ನು ಜಾಗ ಬದಲಿಸುವಂತೆ ಮಾಡಿ, ಆಗಿನ ಫ್ರೇಮುಗಳಿಂದ ಹಿನ್ನೆಲೆ ಕಟ್ಟಬೇಕು. ತಟ್ಟಿದ ಮೇಲೆ 30 ನಿಮಿಷ ವಿರಾಮ ಕೊಟ್ಟೇ ಅಳತೆ ಶುರು.

ಹಂತ 6: ಪಿಟಿಜೆಡ್ ಪರೀಕ್ಷೆ (ದಿನ 46ರಿಂದ 50)

ಜೀನ್ ತಿದ್ದಿದ ಮರಿಗೆ ಹೋಗುವ ಮುಂಚೆ, ಗೊತ್ತಿರುವ ಫಿಟ್ಸನ್ನು ಪೆಟ್ಟಿಗೆ ಹಿಡಿಯುತ್ತದೋ ಇಲ್ಲವೋ ನೋಡಬೇಕು. ಫಿಟ್ಸ್ ಬರಿಸುವ ರಾಸಾಯನಿಕ ಪೆಂಟಿಲೀನ್‌ಟೆಟ್ರಾಜೋಲ್, ಲ್ಯಾಬ್ ಮಾತಿನಲ್ಲಿ ಪಿಟಿಜೆಡ್, ಇದಕ್ಕೆ ಸರಿ. ಮೊದಲ ಘಟ್ಟದಲ್ಲಿ ಮರಿ ಜೋರಾಗಿ ಓಡಾಡುತ್ತದೆ, ಎರಡನೆಯದರಲ್ಲಿ ಸುಳಿಯಂತೆ ಸುತ್ತುತ್ತದೆ, ಮೂರನೆಯದರಲ್ಲಿ ಸೆಟೆದು ಪಕ್ಕಕ್ಕೆ ಮಗುಚಿ ಸ್ತಬ್ಧವಾಗುತ್ತದೆ.

138 ಮಿಲಿಗ್ರಾಂ ಪಿಟಿಜೆಡ್ ಅನ್ನು 50 ಮಿ.ಲೀ. ಇ3 ನೀರಿನಲ್ಲಿ (ಮರಿಗಳನ್ನು ಇಡುವ ಲವಣದ ನೀರು) ಕರಗಿಸಿದರೆ 20 ಮಿಲಿಮೋಲಾರ್. ವೆಲ್‌ನಲ್ಲಿ ಮರಿಯೊಂದಿಗೆ 150 ಮೈಕ್ರೋಲೀಟರ್ ಇ3, ಅದಕ್ಕೆ ಇದರ 150 ಮೈಕ್ರೋಲೀಟರ್, ಕೊನೆಗೆ 10 ಮಿಲಿಮೋಲಾರ್. ಹೋಲಿಕೆಯ ವೆಲ್‌ಗಳಿಗೂ ಅಷ್ಟೇ ಇ3 ಹಾಕಲೇಬೇಕು, ಪೈಪೆಟ್ಟಿನ ನೀರಿನ ರಭಸಕ್ಕೇ ಮರಿ ಓಡುತ್ತದೆ. ಎಂಟು ಮೂತಿಯ ಪೈಪೆಟ್ಟಿನಲ್ಲೂ ಮೊದಲ ಸಾಲಿಗೂ ಹನ್ನೆರಡನೆಯದಕ್ಕೂ ಎರಡು ನಿಮಿಷದ ಅಂತರ ಬೀಳುತ್ತದೆ, ಸಾಲುವಾರು ಹೊತ್ತು ಬರೆದುಕೊಳ್ಳಿ.

ಇಲ್ಲಿ ಒಂದು ಬಲೆ ಇದೆ. ಒಟ್ಟು ದೂರವನ್ನಷ್ಟೇ ನೋಡಿದರೆ ಮೂರನೆಯ ಘಟ್ಟ ತಲುಪಿದ ಮರಿ "ಶಾಂತ"ವಾದಂತೆ ಕಾಣುತ್ತದೆ, ಏಕೆಂದರೆ ಅದು ಮಗುಚಿ ಬಿದ್ದಿರುತ್ತದೆ. ಅರ್ಧ ಗಂಟೆಯ ಸರಾಸರಿ ತೆಗೆದರೆ ಔಷಧಿ ಫಿಟ್ಸ್ ನಿಲ್ಲಿಸಿದೆಯೋ, ಮರಿ ಸುಸ್ತಾಗಿ ಬಿದ್ದಿದೆಯೋ ತಿಳಿಯುವುದಿಲ್ಲ. ಸೆಕೆಂಡಿಗೆ 20 ಮಿ.ಮೀ. ದಾಟಿದ ನೆಗೆತಗಳನ್ನು ಪ್ರತ್ಯೇಕ ಎಣಿಸಿ, ನಿಮಿಷವಾರು ಬಿಡಿಸಿಟ್ಟ ಮೇಲೆ ಎರಡೂ ಬೇರೆಬೇರೆಯಾಗಿ ಕಂಡವು.

ಹಂತ 7: ಮೊಟ್ಟೆ ಮತ್ತು ಸೂಜಿ (ದಿನ 51ರಿಂದ 70)

ಈ ಮೀನಿಗೆ 1822ರಲ್ಲಿ ಹೆಸರಿಟ್ಟವರು ಫ್ರಾನ್ಸಿಸ್ ಹ್ಯಾಮಿಲ್ಟನ್, ಗಂಗೆಯ ಮೀನುಗಳ ಪುಸ್ತಕದಲ್ಲಿ. 1800–01ರಲ್ಲಿ ಮೈಸೂರು ಸೀಮೆ, ಕೆನರಾ, ಮಲಬಾರ್ ಸುತ್ತಿ ವರದಿ ಬರೆದ ಬುಕನನ್ ಇವರೇ, ಅಡ್ಡಹೆಸರು ಆಮೇಲೆ ಬದಲಾಯಿತು. ನಮ್ಮ ನೆಲದ ಮೀನೇ, ಅಂಗಡಿಯಲ್ಲೂ ಸಿಗುತ್ತದೆ. ಆದರೆ ಅಂಗಡಿಯ ಮೀನನ್ನು ಈ ಕೆಲಸಕ್ಕೆ ತರಬೇಡಿ. ಒಂದಕ್ಕೊಂದು ವಂಶ ಬೇರೆ, ಜೀನ್ ಕತ್ತರಿಸುವ ಕ್ಯಾಸ್9 ಪ್ರೋಟೀನಿಗೆ ಜಾಗ ತೋರಿಸುವ ಗೈಡ್ ಆರ್‌ಎನ್‌ಎ ಕೂರಬೇಕಾದ ಕಡೆಯಲ್ಲೇ ಡಿಎನ್‌ಎ ಅಕ್ಷರ ಬದಲಾಗಿರಬಹುದು. ಎಬಿಯಂಥ ಲ್ಯಾಬ್ ತಳಿ ಬೇಕು.

ಇ3 ನೀರಿನ 60 ಪಟ್ಟು ಗಟ್ಟಿ ದ್ರಾವಣ, 1 ಲೀಟರಿಗೆ: ಸೋಡಿಯಂ ಕ್ಲೋರೈಡ್ 17.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 0.76 ಗ್ರಾಂ, ಎರಡು ನೀರಿನಣುವಿನ ಕ್ಯಾಲ್ಸಿಯಂ ಕ್ಲೋರೈಡ್ 2.9 ಗ್ರಾಂ, ಏಳು ನೀರಿನಣುವಿನ ಮೆಗ್ನೀಸಿಯಂ ಸಲ್ಫೇಟ್ 4.9 ಗ್ರಾಂ. ಬೂಷ್ಟು ತಡೆಯಲು ಮೊದಲ ದಿನ ಮಾತ್ರ ಒಂದೆರಡು ಹನಿ ಮೆಥಿಲೀನ್ ಬ್ಲೂ, ಮರುದಿನದಿಂದ ಬರೀ ಇ3.

ಸಂಜೆ ಗಂಡು ಹೆಣ್ಣುಗಳ ನಡುವೆ ತಡೆ ಹಾಕಿ, ಬೆಳಗ್ಗೆ ದೀಪ ಹತ್ತಿದ ಮೇಲೆ ತೆಗೆದರೆ ಅರ್ಧ ಗಂಟೆಯಲ್ಲಿ ಮೊಟ್ಟೆ. ಮೊದಲ ಕೋಶ ಎರಡಾಗಲು ಮುಕ್ಕಾಲು ಗಂಟೆ, ಸೂಜಿ ಚುಚ್ಚುವ ಕೆಲಸ ಅಷ್ಟರೊಳಗೆ. ಮೂರು ಜೋಡಿಯ ತಡೆಯನ್ನು ಒಟ್ಟಿಗೆ ತೆಗೆಯುವುದು ದುರಾಸೆ. ಇಪ್ಪತ್ತು ನಿಮಿಷಕ್ಕೊಂದರಂತೆ ತೆಗೆಯಿರಿ.

ಒಂದೇ ಜೀನಿಗೆ ಮೂರು ಗೈಡ್ ಹಾಕುವ ಪದ್ಧತಿಯನ್ನು ಲಂಡನ್ನಿನ ಯುಸಿಎಲ್ ವಿಶ್ವವಿದ್ಯಾಲಯದ ಜೇಸನ್ ರಿಹೆಲ್ ತಂಡ 2021ರಲ್ಲಿ ಪ್ರಕಟಿಸಿತು. ತಲೆಮಾರು ಕಾಯದೆ, ಚುಚ್ಚಿದ ಮರಿಯಲ್ಲೇ ಎರಡೂ ಪ್ರತಿ ಕೆಡುತ್ತವೆ. ಜೋಡಿಸಿದ ಗೈಡ್ 57 ಮೈಕ್ರೋಮೋಲಾರ್, ಕ್ಯಾಸ್9 ಪ್ರೋಟೀನ್ 57 ಮೈಕ್ರೋಮೋಲಾರ್, ಸಮ ಪ್ರಮಾಣ ಬೆರೆಸಿ 37 ಡಿಗ್ರಿಯಲ್ಲಿ 5 ನಿಮಿಷ. ಮೂರು ಗೈಡಿನ ಮಿಶ್ರಣಗಳನ್ನು ಆಮೇಲೆ ಒಂದಾಗಿಸಿ, ಮೊಟ್ಟೆಗೆ 1 ನ್ಯಾನೋಲೀಟರ್. ಎಣ್ಣೆಯಲ್ಲಿ ಹನಿ ಬಿಟ್ಟು ಅಳೆದಾಗ ವ್ಯಾಸ 0.12 ಮಿ.ಮೀ. ಇದ್ದರೆ ಸುಮಾರು 1 ನ್ಯಾನೋಲೀಟರ್. ವ್ಯಾಸ 0.15 ಆದರೆ ಹನಿ ಸುಮಾರು ಎರಡು ಪಟ್ಟು. ಸೂಜಿಯ ತುದಿ ನಡುವೆ ಮುರಿದು ಅಗಲವಾದದ್ದು ಗೊತ್ತಾಗದೆ ಒಂದಿಡೀ ತಟ್ಟೆಗೆ ಎರಡರಷ್ಟು ಹೋಯಿತು, ಮರಿಗಳು ಸೊಟ್ಟಗಾದವು. ಈಗ 30 ಮೊಟ್ಟೆಗೊಮ್ಮೆ ಹನಿ ಅಳೆಯುತ್ತೇವೆ.

ಕೈ ಪಳಗಲು ಮೊದಲು ಕಪ್ಪು ಬಣ್ಣಕ್ಕೆ ಬೇಕಾದ ಟೈರೋಸಿನೇಸ್ ಜೀನಿನ ಗೈಡ್ ಚುಚ್ಚಿ ನೋಡಿ. ಎರಡನೆಯ ದಿನ ಕಣ್ಣು ಕಪ್ಪಾಗದೆ ಬಿಳಿಯಾಗಿ ಉಳಿದರೆ ಕೆಲಸ ಆಗಿದೆ, ಪಿಸಿಆರ್ ಮಾಡಿ ಡಿಎನ್‌ಎ ನೋಡಬೇಕಿಲ್ಲ. ನಮ್ಮ ಮೊದಲ ತಟ್ಟೆಯಲ್ಲಿ ಚುಕ್ಕೆಚುಕ್ಕೆ ಕಣ್ಣೇ ಹೆಚ್ಚು. ಕಾರಣ ತಡವಾಗಿ, ಎರಡು ಕೋಶದ ಹಂತದಲ್ಲಿ, ಚುಚ್ಚಿದ್ದು.

ಹಂತ 8: ಎಲ್‌ಎಬಿ ಮರಿಗಳು ಪೆಟ್ಟಿಗೆಗೆ (ದಿನ 71ರಿಂದ ಈವರೆಗೆ)

ಮೊದಲ ಪ್ಲೇಟಿನಲ್ಲಿ ಎಡ ಆರು ಕಂಬಸಾಲು ಚುಚ್ಚಿದವು, ಬಲ ಆರು ಚುಚ್ಚದವು. ವ್ಯತ್ಯಾಸ ದೊಡ್ಡದಾಗಿ ಬಂತು. ಪ್ಲೇಟನ್ನು 180 ಡಿಗ್ರಿ ತಿರುಗಿಸಿ ಮತ್ತೆ ಅಳೆದಾಗ ಅರ್ಧದಷ್ಟು ಮಾಯ. ಎಡಬದಿಗೆ ಬೆಚ್ಚನೆ ಗಾಳಿಯ ಬಾಯಿ ಹತ್ತಿರವಿತ್ತು, ಬಿಳಿ ಬೆಳಕೂ ಅಲ್ಲಿ ತುಸು ಜಾಸ್ತಿ. ಈಗ ಯಾವ ವೆಲ್‌ಗೆ ಯಾವ ಮರಿ ಎಂಬುದನ್ನು ಕಂಪ್ಯೂಟರ್ ಚೀಟಿ ಎತ್ತುತ್ತದೆ. ಮರಿಗಳನ್ನು ವೆಲ್‌ಗೆ ಬಿಡುವವರಿಗೆ ತಟ್ಟೆ ಒಂದು, ತಟ್ಟೆ ಎರಡು ಎಂದಷ್ಟೇ ಗೊತ್ತು. ಹೋಲಿಕೆಗೆ ಚುಚ್ಚದ ಮರಿ ಸಾಲದು. ಯಾವ ಜೀನಿಗೂ ಕೂರದ ಗೈಡನ್ನು ಅಷ್ಟೇ ಕ್ಯಾಸ್9ನೊಂದಿಗೆ ಚುಚ್ಚಿದ ಒಡಹುಟ್ಟಿದವುಗಳೇ ಬೇಕು.

ಎರಡನೆಯದು ಬಣ್ಣ. ಎಲ್‌ಎಬಿ ಕೆಟ್ಟ ಮರಿಗಳು ಒಡಹುಟ್ಟಿದವುಗಳಿಗಿಂತ ಕಪ್ಪು. ಕೇಂದ್ರ ಬರೆದಿಡುತ್ತಿದ್ದರೂ, ಚಟುವಟಿಕೆಯ ಅಂಕಿಗೆ ನಮ್ಮ ಮೊದಲ ಪ್ರೋಗ್ರಾಮು ಹಿಂದಿನ ಫ್ರೇಮಿಗೂ ಈಗಿನದಕ್ಕೂ ಎಷ್ಟು ಪಿಕ್ಸೆಲ್ ಬದಲಾಯಿತು ಎಂದು ಎಣಿಸುತ್ತಿತ್ತು. ಕಪ್ಪು ಮರಿ ಒಂದೇ ದೂರ ಜರುಗಿದರೂ ಹೆಚ್ಚು ಪಿಕ್ಸೆಲ್ ಬದಲಾಗುತ್ತವೆ, ಬಿಳಿಚು ಮರಿಯ ಬಾಲವಂತೂ ಮಿತಿಯ ಕೆಳಗೇ ಉಳಿಯುತ್ತದೆ. ಬಣ್ಣವನ್ನೇ ಚಟುವಟಿಕೆ ಎಂದು ಬರೆದುಕೊಂಡಿದ್ದೆವು. ಕೇಂದ್ರ ಸಾಗಿದ ದೂರಕ್ಕೆ ಬದಲಿಸಿದ ಮೇಲೆ ಅಂಕಿ ತಗ್ಗಿತು, ಆದರೆ ಸೊನ್ನೆಯಾಗಲಿಲ್ಲ. ಪರೀಕ್ಷಿಸುವ ಸುಲಭ ದಾರಿ: ಅರಿವಳಿಕೆ ಕೊಟ್ಟ ಕಪ್ಪು ಮರಿ, ಬಿಳಿಚು ಮರಿ ಎರಡನ್ನೂ ಪ್ಲೇಟಿನಲ್ಲಿಟ್ಟು ಪ್ಲೇಟನ್ನೇ ಕೈಯಿಂದ 2 ಮಿ.ಮೀ. ಜರುಗಿಸುವುದು. ಎರಡಕ್ಕೂ ಒಂದೇ ಅಂಕಿ ಬರದಿದ್ದರೆ ಪ್ರೋಗ್ರಾಮು ತಪ್ಪು.

ಮೂರನೆಯದು ಈಜುಚೀಲ. ಐದನೆಯ ದಿನ ಗಾಳಿ ತುಂಬದ ಮರಿಯನ್ನು ರೋಗಿಷ್ಠವೆಂದು ಆರಿಸಿ ಎಸೆಯುವುದು ಲ್ಯಾಬುಗಳ ಸಾಮಾನ್ಯ ಅಭ್ಯಾಸ. ಎಲ್‌ಎಬಿ ಕೆಟ್ಟ ಮರಿಗಳಲ್ಲಿ ಈಜುಚೀಲ ತುಂಬುವುದೇ ಇಲ್ಲ. ಅಭ್ಯಾಸಬಲದಿಂದ ಆರಿಸಿದವರು ಎಸೆದದ್ದು ಬೇಕಾದ ಮರಿಗಳನ್ನೇ, ಪ್ಲೇಟಿಗೆ ಹೋದದ್ದು ಸೂಜಿ ಸರಿಯಾಗಿ ತಾಗದವು. ಒಂದು ವಾರದ ಕೆಲಸ ಹೀಗೆ ಹೋಯಿತು. ಆದರೆ ಎಸೆಯದೆ ಇಟ್ಟುಕೊಂಡರೂ ಪ್ರಶ್ನೆ ಮುಗಿಯುವುದಿಲ್ಲ. ಚೀಲವಿಲ್ಲದ ಮರಿ ತಳಕ್ಕಿಳಿದು ಪಕ್ಕಕ್ಕೆ ವಾಲಿ ಈಜುತ್ತದೆ, ಅದರ ಈಜಿನ ಬಗೆಯೇ ಬೇರೆ. ಈಗ ಪ್ರತಿ ಮರಿಯ ಚೀಲ ತುಂಬಿದೆಯೋ ಇಲ್ಲವೋ ಬರೆದಿಟ್ಟು, ಹೋಲಿಕೆಯ ಗುಂಪಿನಿಂದಲೂ ಚೀಲ ತುಂಬದವನ್ನು ಬೇಕೆಂದೇ ಸೇರಿಸುತ್ತೇವೆ. ಅವು ಸಿಗುವುದು ಕಷ್ಟವಲ್ಲ. ನೀರಿನ ಮೇಲೆ ಜಿಡ್ಡಿನ ಪೊರೆ ಕಟ್ಟಿದ ತಟ್ಟೆಯಲ್ಲಿ ಮರಿಗಳು ಮೇಲೆ ಬಂದು ಗಾಳಿ ನುಂಗಲಾರವು. ಜೀನ್ ಸರಿಯಿದ್ದರೂ ಚೀಲ ಖಾಲಿ.

ಬೆಳಕಿನ ಪರೀಕ್ಷೆಗೆ 30 ನಿಮಿಷ ಬೆಳಕು, ಆಮೇಲೆ 10 ನಿಮಿಷ ಕತ್ತಲು, 10 ನಿಮಿಷ ಬೆಳಕು, ಮೂರು ಸುತ್ತು. ಬೆಳಗ್ಗೆ 11ರಿಂದ ಸಂಜೆ 4ರ ಒಳಗೆ ಮಾತ್ರ, ಹೊತ್ತು ಬದಲಾದರೆ ಓಡಾಟವೂ ಬದಲಾಗುತ್ತದೆ. ಬೆಚ್ಚುವಿಕೆಗೆ 20 ಸೆಕೆಂಡಿಗೊಮ್ಮೆ 10 ತಟ್ಟು, ಆಮೇಲೆ ಸೆಕೆಂಡಿಗೊಂದರಂತೆ 30 ತಟ್ಟು. ಸರಿಯಿರುವ ಮರಿ ಬೇಗ ಒಗ್ಗಿಕೊಂಡು ಬೆಚ್ಚುವುದು ಬಿಡುತ್ತದೆ. ಪರೀಕ್ಷೆ ಮುಗಿದ ಮೇಲೆ ಪ್ರತಿ ಮರಿಯನ್ನೂ ಅರಿವಳಿಕೆ ಕೊಟ್ಟು, 50 ಮಿಲಿಮೋಲಾರ್ ಸೋಡಿಯಂ ಹೈಡ್ರಾಕ್ಸೈಡಿನಲ್ಲಿ 95 ಡಿಗ್ರಿಗೆ ಕಾಯಿಸಿ, ತಣಿಸಿ, ಟ್ರಿಸ್ ಹಾಕಿ ಕ್ಷಾರ ತಗ್ಗಿಸಿ, ಪಿಸಿಆರ್‌ಗೆ. ವೆಲ್‌ನ ಸಂಖ್ಯೆ ಪಿಸಿಆರ್ ಕೊಳವೆಯ ಸಂಖ್ಯೆಗೆ ಹೊಂದಬೇಕು. ಪ್ಲೇಟಿನ ಎ1 ಮೂಲೆಯನ್ನು ಕತ್ತರಿಯಿಂದ ಕೆತ್ತಿ ಗುರುತಿಡಿ.

ಸದ್ಯ ಸಿಕ್ಕಿಬಿದ್ದಿರುವುದು ಇಲ್ಲಿ. ತಟ್ಟಿದಾಗ ಮರಿ ಎರಡು ಬಗೆಯಲ್ಲಿ ಬೆಚ್ಚುತ್ತದೆ: ಮೌತ್ನರ್ ನರಕೋಶ ಎಬ್ಬಿಸುವ ಚುರುಕು ಬಾಗು ಹತ್ತು ಹನ್ನೆರಡು ಮಿಲಿಸೆಕೆಂಡಿನೊಳಗೆ, ನಿಧಾನದ ಬಾಗು ಅದರಾಚೆ. ನಮ್ಮ ಒಂದು ಫ್ರೇಮೇ 16.7 ಮಿಲಿಸೆಕೆಂಡು. ಎರಡನ್ನೂ ಈ ಪೆಟ್ಟಿಗೆ ಒಂದೇ ಎಂದು ಬರೆಯುತ್ತದೆ. ಆದ್ದರಿಂದ ಒಗ್ಗಿಕೊಳ್ಳುವಿಕೆಯ ಅಂಕಿಗಳನ್ನು "ಬೆಚ್ಚಿತು, ಬೆಚ್ಚಲಿಲ್ಲ" ಎಂಬುದಕ್ಕಿಂತ ಮುಂದೆ ಎಳೆಯುತ್ತಿಲ್ಲ. ಸೆನ್ಸರಿನ ಸಾಲುಗಳನ್ನು ಕತ್ತರಿಸಿದಷ್ಟೂ ಫ್ರೇಮಿನ ವೇಗ ಏರುತ್ತದೆ. 96 ವೆಲ್ ಬಿಟ್ಟು ಒಂದೇ ಸಾಲಿನ ನಾಲ್ಕು ಮರಿಗಳನ್ನಷ್ಟೇ ನೋಡುವ ಚಿಕ್ಕ ತಟ್ಟೆಯನ್ನು ಅಕ್ರಿಲಿಕ್‌ನಲ್ಲಿ ಕೊರೆಸಲು ಕೊಟ್ಟಿದ್ದೇವೆ. ಫ್ರೇಮು ಚಿಕ್ಕದಾದರೆ ಎಕ್ಸ್‌ಪೋಶರ್ 1 ಮಿಲಿಸೆಕೆಂಡಿಗಿಂತ ಕೆಳಗಿಳಿಯಬೇಕು, ಅದಕ್ಕೆ ಇನ್‌ಫ್ರಾರೆಡ್ ನಾಲ್ಕು ಪಟ್ಟು ಬೇಕು. ಅಂದರೆ ಹಂತ 3ರ ಬಿಸಿ ಮತ್ತೆ ವಾಪಸ್. ತಟ್ಟಿದ ಅರ್ಧ ಸೆಕೆಂಡು ಮಾತ್ರ ಪಟ್ಟಿಗೆ ಪೂರ್ತಿ ಕರೆಂಟು ಕೊಡುವ ಮಾಸ್‌ಫೆಟ್ (ಎಲೆಕ್ಟ್ರಾನಿಕ್ ಸ್ವಿಚ್ಚು) ಸರ್ಕ್ಯೂಟು ಬ್ರೆಡ್‌ಬೋರ್ಡಿನ ಮೇಲಿದೆ. ದೀಪ ಏರಿದ್ದಕ್ಕೇ ಮರಿ ಬೆಚ್ಚುತ್ತದೋ ಎಂದು ತಟ್ಟದೆ ಬರೀ ದೀಪ ಏರಿಸಿ ನೋಡುವುದು ಮುಂದಿನ ವಾರದ ಮೊದಲ ಕೆಲಸ.